ಐದು ಕೈಯ ಗಾಲಿ

ಇವತ್ತು ಪೆಟ್ಟಿಗೆ ಬಿಚ್ಚುವ ದಿನವೆಂಬುದು ಮೋನಪ್ಪನಿಗೆ ಪೂರ್ತಿ ಎಚ್ಚರವಾಗುವ ಮೊದಲೇ ಗೊತ್ತಾಗಿತ್ತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು, ಆದರೆ ಬಲಗೈಯ ತೋರುಬೆರಳು ಆಗಲೇ ಕೆಲಸಕ್ಕೆ ಇಳಿದುಬಿಟ್ಟಿತ್ತು. ಗಾಲಿಯ ನಡುವಿನ ಗುಂಬದಿಂದ ಹೊರಟು, ಸ್ವಲ್ಪ ಎಡಕ್ಕೆ ಬಾಗಿ, ಅಂಚಿನ ಬಳೆಯನ್ನು ಮೆತ್ತಗೆ ಮುಟ್ಟುವ ಒಂದು ಕೈ. ಹಾಗೆಯೇ ಇನ್ನೊಂದು. ಒಂದು, ಎರಡು, ಮೂರು, ನಾಲ್ಕು, ಐದು. ಐದಾದ ಮೇಲೆ ಬೆರಳು ಮತ್ತೆ ಮೊದಲಿನದಕ್ಕೆ ಬರುತ್ತಿತ್ತು. ಹೀಗೆ ಮೂರು ಸುತ್ತು ಆಗುವ ಹೊತ್ತಿಗೆ ಹೆಂಡತಿ ಬನಶಂಕರಿ ಅವನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಗಾಲಿ ಬಾಗಲಕೋಟ್ಯಾಗ ಐತ್ರಿ, ನನ್ನ ಬೆನ್ನ ಮ್ಯಾಲ ಇಲ್ಲ" ಎಂದಳು. ಅವನಿಗೆ ನಗು ಬಂತು. ಎಂಟು ದಿನಗಳಿಂದ ಯಾವುದಕ್ಕೂ ನಗು ಬರುತ್ತಿತ್ತು. ಜಳಕ ಮಾಡುವಾಗ ತಂಬಿಗೆ ಕೈಜಾರಿ ಉರುಳಿಹೋದದ್ದಕ್ಕೂ, ಅಂಗಿಯ ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡದ್ದಕ್ಕೂ ನಕ್ಕ. ಪಲ್ಯ ಬಡಿಸುವುದರೊಳಗೆ ಎರಡು ರೊಟ್ಟಿಗಳನ್ನು ಹಾಗೆಯೇ ಮುರಿದು ತಿಂದು ಎದ್ದಿದ್ದ. ಬನಶಂಕರಿ ಬುತ್ತಿಯ ಗಂಟನ್ನು ಕೈಗಿಡುತ್ತಾ, "ಖರೇನ ಬರತೈತೇನ್ರಿ ಈ ಸಲ?" ಎಂದಳು. ಅವಳ ದನಿಯಲ್ಲಿ ಹುಡುಗಾಟಿಕೆ ಇರಲಿಲ್ಲ. "ಬರತೈತಿ. ಬರದ ಎಲ್ಲಿ ಹೋಗತೈತಿ" ಎಂದು ಹೇಳಿ, ಚಪ್ಪಲಿ ಮೆಟ್ಟಿ, ಕಮತಗಿಯ ಓಣಿಯಲ್ಲಿ ಅರ್ಧ ನಡಿಗೆ ಅರ್ಧ ಓಟದಲ್ಲಿ ಬಸ್ ಸ್ಟ್ಯಾಂಡಿಗೆ ಬಂದ. ಇಳಕಲ್ಲಿನಿಂದ ಬರುವ ಬಸ್ಸಿಗೆ ಇನ್ನೂ ಅರ್ಧ ತಾಸು ಇತ್ತು.

ಬಾಗಲಕೋಟೆಯ ಸ್ಟೇಷನ್ ರಸ್ತೆಯಲ್ಲಿ ಅಮಾತೆಪ್ಪ ಸಾವಕಾರರ ಎರಕದ ಕಾರ್ಖಾನೆ ಇದೆ. ಅಲ್ಲಿ ಉಸುಕಿನ ಪೆಟ್ಟಿಗೆಯೊಳಗೆ ನಿನ್ನೆ ಸಂಜೆ ನಾಲ್ಕರಿಂದ ಅದು ತಣ್ಣಗಾಗುತ್ತಾ ಮಲಗಿತ್ತು: ಮೂರು ಫೂಟಿನ ಬೀಡುಕಬ್ಬಿಣದ ಗಾಲಿ. ಇಳಕಲ್ಲಿನಲ್ಲಿ ಕೆಂಪು ಕಲ್ಲು ಕೊಯ್ದು ಪಾಲಿಶ್ ಮಾಡುವ ಹೊಸ ಕಾರ್ಖಾನೆಗಳು ಎದ್ದಿದ್ದವು. ಅಂಥ ಒಂದರ ಮಷಿನ್ನಿಗೆ ಬೆಲ್ಟು ಓಡಿಸಲು ಇಂಥ ಹನ್ನೆರಡು ಗಾಲಿಗಳು ಬೇಕಾಗಿದ್ದವು. ಮೋನಪ್ಪ ನಕ್ಷೆ ಬರೆಯುವವನೂ ಹೌದು, ಆ ನಕ್ಷೆಯಂತೆ ಸಾಗವಾನಿಯಲ್ಲಿ ಪ್ಯಾಟರ್ನು ಕೆತ್ತುವವನೂ ಹೌದು. ಅವನ ಕಟ್ಟಿಗೆಯ ಗಾಲಿಯನ್ನು ಉಸುಕಿನಲ್ಲಿ ಒತ್ತಿ ಬಡಿದು ಹೊರಗೆ ತೆಗೆದರೆ ಅದರ ಅಚ್ಚು ಉಳಿಯುತ್ತದೆ. ಆ ಪೊಳ್ಳಿನಲ್ಲಿ ಬೀಡನ್ನು ಕರಗಿಸಿ ಹೊಯ್ಯುತ್ತಾರೆ. ಶ್ರಾವಣದಲ್ಲಿ ಅವನು ಮೊದಲು ಮಾಡಿದ ಪ್ಯಾಟರ್ನಿಗೆ ಆರು ನೆಟ್ಟನೆಯ ಕೈಗಳಿದ್ದವು. ಅದರಿಂದ ಏಳು ಗಾಲಿ ಹೊಯ್ದರು. ಏಳೂ ಸೀಳಿದವು. ಈ ಸಲವೂ ಸೀಳಿದರೆ ಕೆಲಸವನ್ನು ಕೊಲ್ಲಾಪುರಕ್ಕೆ ಕಳಿಸುತ್ತೇನೆ, ಪ್ಯಾಟರ್ನಿನ ಶೆಡ್ಡಿಗೆ ಕೀಲಿ ಹಾಕುತ್ತೇನೆ ಎಂದು ಸಾವಕಾರರು ಸಿಟ್ಟಿಲ್ಲದೆ, ಹಲ್ಲು ಚುಚ್ಚಿಕೊಳ್ಳುತ್ತಾ ಹೇಳಿದ್ದರು. ಆಮೇಲೆ ಕಮತಗಿಗೆ ಬಂದು ಯಾರದೋ ಬಾಗಿಲ ಚೌಕಟ್ಟು ರಿಪೇರಿ ಮಾಡಿಕೊಂಡಿರುವುದೇ ಸೈ. ಆದರೆ ಈ ಅಂಜಿಕೆ ಇವತ್ತು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಚಹದಂಗಡಿಯ ಕಟ್ಟೆಯ ಮೇಲೆ ಕೂತವನ ಬೆರಳು ಒದ್ದೆ ಕಲ್ಲಿನ ಮೇಲೆ ಮತ್ತೆ ಐದು ಕೈ ಬರೆಯಿತು.

ಹೊಳೆದದ್ದು ಎಂಟು ದಿನದ ಹಿಂದೆ. ಬೆಳಗಿನ ಬಸ್ಸು ಶಿರೂರಿಗೆ ಎರಡು ಮೈಲು ಇರುವಂತೆ ಪಂಕ್ಚರ್ ಆಗಿ ನಿಂತಿತು. ರಸ್ತೆಯ ಬದಿಗೆ ಬೇವಿನ ಗಿಡದ ಕೆಳಗೆ ಒಬ್ಬ ಬಡಿಗ, ಒಬ್ಬ ಕಂಬಾರ ಸೇರಿ ಗಾಡಿಯ ಗಾಲಿಗೆ ಹಳಿ ಕಟ್ಟುತ್ತಿದ್ದರು. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದ ಕಬ್ಬಿಣದ ಹಳಿಯನ್ನು ಇಕ್ಕಳದಲ್ಲಿ ಎತ್ತಿ ತಂದು, ಕಟ್ಟಿಗೆಯ ಗಾಲಿಗೆ ತೊಡಿಸಿ, ಕೊಡದಿಂದ ನೀರು ಸುರಿದರು. ಉಗಿ ಎದ್ದಿತು. ಆಮೇಲೆ ಆ ಸಪ್ಪಳ ಬಂತು, ಹಳಿ ತಣ್ಣಗಾಗುತ್ತಾ ಕುಗ್ಗಿ ಇಡೀ ಗಾಲಿಯನ್ನು ಹಿಂಡುವ ಕಿರಕಿರ ಸಪ್ಪಳ, ಪ್ರತಿ ಸಂದಿಯೂ ಬಿಗಿದು ಕೂಡುವ ಸಪ್ಪಳ. ಮೋನಪ್ಪ ಅದನ್ನು ಕೇಳುತ್ತಲೇ ಬೆಳೆದವನು. ಅಪ್ಪ ಕಾಳಪ್ಪ ಆ ಸಪ್ಪಳ ಬಂದಾಗ ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ, "ಹಾಂ, ಕುಂತತು" ಎನ್ನುತ್ತಿದ್ದ. ತುಳಸಿಗೇರಿಯಿಂದ ಹಿಡಿದು ಹುನಗುಂದದವರೆಗೆ ಯಾವ ಗಾಡಿಯ ಗಾಲಿ ತಿರುಗಿಸಿ ನೋಡಿದರೂ ಗುಂಬದ ಮೇಲೆ ಅಪ್ಪ ಸುಟ್ಟು ಒತ್ತಿದ ಸಣ್ಣ ಬಾಚಿಯ ಗುರುತು ಸಿಗಬಹುದೆಂದು ಓಣಿಯವರು ಹೇಳುತ್ತಿದ್ದರು. ಅಂಚಿನ ಕಟ್ಟಿಗೆಯ ಒಂದು ತುಂಡಿಗೆ ಎರಡು ಕೈ, ಆರು ತುಂಡಿಗೆ ಹನ್ನೆರಡು. ಯಾವಾಗಲೂ ಸರಿಸಂಖ್ಯೆ, ಯಾವಾಗಲೂ ನೆಟ್ಟಗೆ, ಒಂದರ ಎದುರಿಗೆ ಒಂದು. ಅದು ಅಪ್ಪ ಹೇಳಿಕೊಟ್ಟ ಪಾಠವೂ ಅಲ್ಲ, ಬೆರಳಿನಲ್ಲಿ ತಾನಾಗಿ ಕೂತುಬಿಟ್ಟದ್ದು. ಡಿಪ್ಲೋಮಾ ಮಾಡಿ, ಟೀ ಸ್ಕ್ವೇರು ಹಿಡಿದು, ದಪ್ಪ ಪುಸ್ತಕಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದರೂ, ಬೀಡಿನ ಗಾಲಿಯ ನಕ್ಷೆ ಬರೆಯಲು ಕೂತಾಗ ಕೈ ತಾನಾಗಿ ಆರು ನೆಟ್ಟನೆಯ ಗೀಟು ಎಳೆದಿತ್ತು. ಬಡಿಗೇರರ ಮಗನಲ್ಲದ ಯಾರೂ ಅಷ್ಟು ಧಿಮಾಕಿನಿಂದ ಆ ತಪ್ಪು ಮಾಡುತ್ತಿರಲಿಲ್ಲ.

ಬೇವಿನ ಗಿಡದ ಕೆಳಗೆ ನಿಂತು ಅವನು ಕಂಡದ್ದು ಇಷ್ಟೇ. ಕಟ್ಟಿಗೆಯ ಗಾಲಿಯಲ್ಲಿ ಕುಗ್ಗುವುದು ಹೊರಗಿನ ಹಳಿ. ಅದು ಒಳಗಿನದನ್ನೆಲ್ಲ ಒತ್ತಿ ಕೂಡಿಸುತ್ತದೆ. ಬೀಡಿನ ಗಾಲಿಯಲ್ಲಿ ಎಲ್ಲವೂ ತಿರುವುಮುರುವು. ಅಂಚು ತೆಳ್ಳಗಿದೆ, ಮೊದಲು ತಣ್ಣಗಾಗಿ ಗಟ್ಟಿಯಾಗಿ ಕೂತುಬಿಡುತ್ತದೆ. ಗುಂಬ ದಪ್ಪ, ಕೈಗಳೂ ದಪ್ಪ, ಅವು ಆಮೇಲೆ ನಿಧಾನಕ್ಕೆ ಕುಗ್ಗುತ್ತವೆ. ಕುಗ್ಗುವಾಗ ಅಂಚನ್ನು ಒಳಗೆ ಎಳೆಯುತ್ತವೆ, ಅಂಚು ಬರುವುದಿಲ್ಲ. ಎದುರುಬದುರು ನಿಂತ ಎರಡು ನೆಟ್ಟನೆಯ ಕೈಗಳು ಒಂದನ್ನೊಂದು ಜಗ್ಗುತ್ತಾ, ಬಿಡುವಂತಿಲ್ಲ, ಬಾಗುವಂತಿಲ್ಲ, ಕೊನೆಗೆ ಯಾವುದೋ ಒಂದು ಸೀಳುತ್ತದೆ. ಅದೇ ಐದು ಕೈ ಇದ್ದರೆ? ಪ್ರತಿ ಕೈಗೂ ಎದುರಿಗೆ ಸಂದು. ಅದೇ ಬಾಗಿದ್ದರೆ? ಜಗ್ಗಿದಾಗ ಒಂದು ಕೂದಲೆಳೆಯಷ್ಟು ನೆಟ್ಟಗಾಗಿ ಸುಮ್ಮನಾಗುತ್ತದೆ. ಕೈ ಅಂಚಿಗೆ ಕೂಡುವ ಚೂಪು ಮೂಲೆಯನ್ನು ಉರುಟು ಮಾಡಿಬಿಟ್ಟರೆ? ಒಂದು ಕಡ್ಡಿ ತೆಗೆದುಕೊಂಡು ಕರಿಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬರೆದ, ಅಳಿಸಿದ, ಬರೆದ. ಅವನ ಹಿಂದೆ ಬಸ್ಸು ಹಾರ್ನ್ ಹೊಡೆದು, ಕಾದು, ಬೈದು, ಹೋಗಿಯೇಬಿಟ್ಟಿತು. ಶಿರೂರಿನವರೆಗೆ ಎರಡು ಮೈಲು ಬಿಸಿಲಲ್ಲಿ ಒಬ್ಬನೇ ನಗುತ್ತಾ ನಡೆದ. ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದ ಒಬ್ಬ ಹೆಣ್ಣುಮಗಳು, ಕವಣೆ ಕೆಳಗಿಳಿಸಿ, ಇವನಿಗೇನೋ ಆಗಿದೆ ಎಂಬಂತೆ ನೋಡಿದಳು. ಆಗಿದ್ದು ಹೌದಷ್ಟೆ. ಇಪ್ಪತ್ತೊಂಬತ್ತು ವರ್ಷದ ಬದುಕಿನಲ್ಲಿ ತನ್ನ ತಲೆಯಿಂದಲೇ ಹುಟ್ಟಿದ ಮೊದಲ ವಿಚಾರ ಅದು ಎಂದು ಅವನಿಗೆ ಅನ್ನಿಸಿತ್ತು.

ಈಗ ಬಸ್ಸು ಬಂತು. ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಪಕ್ಕದಲ್ಲಿ ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡ ಒಬ್ಬ ಮುದುಕಿ, ಕೂತ ಕೂಡಲೇ ಅವನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಅವನು ಅಲುಗಾಡಲಿಲ್ಲ, ಇವತ್ತು ಯಾರು ಬೇಕಾದರೂ ಅವನ ಹೆಗಲ ಮೇಲೆ ಮಲಗಬಹುದಾಗಿತ್ತು. ನಿನ್ನೆ ಮೊನ್ನೆಯದನ್ನೆಲ್ಲ ಒಂದೊಂದಾಗಿ ನೆನೆದುಕೊಂಡ. ಹೊಸ ಪ್ಯಾಟರ್ನಿಗೆ ಎರಡು ಸಲ ಚಪಡಾ ಅರಗು ಹಚ್ಚಿದ್ದು, ಗುಂಬದ ಮೇಲೆ ಅಪ್ಪನ ಬಾಚಿಯ ಗುರುತನ್ನು ಈ ಸಲ ಎರಡು ಪಟ್ಟು ದೊಡ್ಡದಾಗಿ ಕೆತ್ತಿದ್ದು, ಉಸುಕು ಬಡಿಯುವ ನಜೀರಸಾಬನಿಗೆ ಹತ್ತು ಸಲ ಹೇಳಿದ್ದು. "ಉಸುಕ ಹಗುರ ಬಡಿಪಾ ನಜೀರ, ಗಾಲಿಗೆ ಕುಗ್ಗಾಕ ಜಾಗಾ ಇರ್ಲಿ." ಅಷ್ಟರಲ್ಲಿ ಇಳಕಲ್ಲಿನಿಂದ ಫೋನ್ ಬಂತೆಂದು ಸಾವಕಾರರು ಕರೆದರು, ಅವನು ಆಫೀಸಿಗೆ ಹೋದ, ಮರಳಿ ಬರುವ ಹೊತ್ತಿಗೆ ಪೆಟ್ಟಿಗೆ ಮುಚ್ಚಿಯಾಗಿತ್ತು. ಆದರೇನಂತೆ. ನಕ್ಷೆಯೂ ಹೊಸದು, ಉಸುಕೂ ಹಗುರ. ಎರಡೂ ಕಡೆಯಿಂದ ಭದ್ರ. ಎರಡೂ ಕಡೆಯಿಂದ ಎಂದು ಮನಸ್ಸಿನಲ್ಲೇ ಅಂದುಕೊಂಡಾಗ, ನುಣ್ಣಗೆ ಪಾಲಿಶ್ ಆದ ಹಲಗೆಯ ಮೇಲೆ ಓಡುವ ಬೆರಳಿಗೆ ಸಣ್ಣ ಸಿಬರು ಚುಚ್ಚಿದ ಹಾಗಾಯಿತು. ಉಸುಕು ಹಗುರ ಬಡಿದು, ಹೊಸ ನಕ್ಷೆಯ ಗಾಲಿ ಚೆನ್ನಾಗಿ ಬಂದರೆ, ಹಳೆಯವು ಉಸುಕಿನಿಂದ ಸೀಳಿದವೋ ನಕ್ಷೆಯಿಂದಲೋ ಎಂದು ಇನ್ನು ಯಾರೂ ಯಾವತ್ತೂ ಕೇಳುವುದಿಲ್ಲ. ಅದಕ್ಕೇ ಹಗುರ ಬಡಿ ಎಂದೆನೇ? ಎಂದು ಕೇಳಿಕೊಂಡ. ಕಿಟಕಿಯ ಹೊರಗೆ ಸೂರ್ಯಕಾಂತಿ ಹೊಲಗಳು ಓಡುತ್ತಿದ್ದವು. ಅವುಗಳನ್ನೇ ನೋಡಿದ.

ಮೊದಲ ಗಾಲಿಯ ಪೆಟ್ಟಿಗೆ ಬಿಚ್ಚಿದ ದಿನ ಮಳೆಯ ಮೋಡ ಕವಿದಿತ್ತು. ಆ ಕಾರ್ಖಾನೆಯಲ್ಲಿ ಒಂದು ರೂಢಿ: ಯಾರು ಉಸುಕು ಬಡಿದು ಅಚ್ಚು ಮಾಡಿದನೋ ಅವನೇ ಮೊದಲ ಸುತ್ತಿಗೆ ಹೊಡೆದು ಸಪ್ಪಳ ಕೇಳಬೇಕು. ಒಳಗೆ ಗಟ್ಟಿ ಇದ್ದರೆ ಗಂಟೆಯಂತೆ ಠಣ್ ಎನ್ನುತ್ತದೆ. ಇಬ್ರಾಹಿಂಸಾಬ ಹೊಡೆದ. ನಲವತ್ತು ವರ್ಷ ಉಸುಕಿನಲ್ಲಿ ಕೈಯಾಡಿಸಿದ ಮನುಷ್ಯ. ಗಾಲಿ ಒಡಕು ಮಡಕೆಯಂತೆ ಡಬ್ ಎಂದಿತು. ಅವನು ಸುತ್ತಿಗೆ ಕೆಳಗಿಟ್ಟು, ಒಂದು ಕೈ ಅಂಚಿಗೆ ಕೂಡುವಲ್ಲಿ ಉಗುರು ಇಳಿಯುವಷ್ಟು ಸೀಳನ್ನು ತೋರಿಸಿದ. ಏಳನೆಯದೂ ಹಾಗೇ ಆದಾಗ ಸಾವಕಾರರು ಎಲ್ಲರನ್ನೂ ನಿಲ್ಲಿಸಿ, "ಯಾಕ ಹಿಂಗ ಆತು?" ಎಂದು ಕೇಳಿದರು. ಹದಿನೈದು ಮಂದಿ ಸುತ್ತ ನಿಂತಿದ್ದರು. ಅವರೆಲ್ಲರ ನಡುವೆ ಮೋನಪ್ಪನ ಕಿವಿ ಬಿಸಿಯಾದವು, ಪುಸ್ತಕದ ಒಂದು ಸಾಲು ನಾಲಿಗೆಯ ಮೇಲೆ ತಾನಾಗಿ ಬಂದು ಕೂತಿತು. "ಉಸುಕ ಭಾಳ ಗಟ್ಟಿ ಬಡದಾರ್ರಿ. ಅದಕ್ಕ ಕುಗ್ಗಾಕ ಬರ್ದ ಸೀಳ್ಯಾವು." ಸುಳ್ಳೆಂದು ಹೇಳುವಂತಿರಲಿಲ್ಲ, ಉಸುಕು ಗಟ್ಟಿಯಾದರೆ ಸೀಳುವುದೂ ಉಂಟು. ಅದಕ್ಕೇ ಅದು ಅಷ್ಟು ಸಲೀಸಾಗಿ ಬಾಯಿಂದ ಬಂತು, ಅದಕ್ಕೇ ಇವತ್ತಿನವರೆಗೆ ಹೊಟ್ಟೆಯೊಳಗೆ ಕರಗದೆ ಉಳಿಯಿತು. ಇಬ್ರಾಹಿಂಸಾಬ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ, ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿಕೊಂಡ. ಮರುದಿನದಿಂದ ಅವನಿಗೆ ಉಸುಕು ತಪ್ಪಿತು, ಹಿತ್ತಲಿನಲ್ಲಿ ಗುಜರಿಯ ಮೋಡಕಾ ಒಡೆಯುವ ಕೆಲಸ ಬಂತು. ಹಳೆಯ ಪಂಪು, ಮುರಿದ ಪೈಪು, ಜೊತೆಗೆ ತಾನೇ ಮಾಡಿದ ಆ ಏಳು ಗಾಲಿಗಳನ್ನೂ ಘಣದಿಂದ ಒಡೆದು ಭಟ್ಟಿಗೆ ಕೊಡಬೇಕು. ಚಹದ ಹೊತ್ತಿಗೆ ಉಳಿದವರೆಲ್ಲ ನೆರಳಲ್ಲಿ ಕೂಡುತ್ತಿದ್ದರು, ಅವನು ರಾಶಿಯ ಮೇಲೆಯೇ ಬೆನ್ನು ಮಾಡಿ ಕೂಡುತ್ತಿದ್ದ. ಮೋನಪ್ಪ ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟ. ಮೂತ್ರಕ್ಕೂ ರಸ್ತೆ ದಾಟಿ ಹೋಗುತ್ತಿದ್ದ.

ಬಸ್ಸು ಶಿರೂರಿನಲ್ಲಿ ನಿಂತಿತು. ಮುದುಕಿ ಎಚ್ಚರಗೊಂಡು, "ಎಲ್ಲಿಗೆ ಬಂತೋ ಯಪ್ಪಾ?" ಎಂದಳು. ಅವನು ಹೇಳಿದ. ಯಾರೋ ಒಬ್ಬ ಹೊಸ ನೇಗಿಲನ್ನು ಬಸ್ಸಿನ ಮೇಲೆ ಏರಿಸುತ್ತಾ, ಮೇಲಿದ್ದವನಿಗೆ "ಒಂದೀಟು ಬಗ್ಗಿಸೋ ಲೇ, ಬಗ್ಗಿಸು" ಎಂದು ಕೂಗುತ್ತಿದ್ದ. ಮೋನಪ್ಪನ ಬೆರಳು ತೊಡೆಯ ಮೇಲೆ ಬಾಗಿದ ಗೀಟು ಎಳೆಯುತ್ತಿತ್ತು, ಎರಡನೆಯದು, ಮೂರನೆಯದು. ಇದ್ದಕ್ಕಿದ್ದಂತೆ ಆ ಬೆರಳಿನ ಪಕ್ಕದಲ್ಲಿ ಇನ್ನೊಂದು ಬೆರಳು ಕಂಡಿತು. ಉಸುಕು ತುಂಬಿ ಕಪ್ಪಾದ ಉಗುರಿನ ಹೆಬ್ಬೆರಳು. ಅದು ಚಪಡಾ ಹಚ್ಚದ ಸಾಗವಾನಿ ಗಾಲಿಯ ಮೂಲೆಯೊಂದನ್ನು ಸವರುತ್ತಿತ್ತು. ಶ್ರಾವಣದ ಮೊದಲಲ್ಲಿ, ಪ್ಯಾಟರ್ನಿನ ಶೆಡ್ಡಿನ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಇಬ್ರಾಹಿಂಸಾಬ ತಲೆ ಎತ್ತದೆ ಹೇಳಿದ್ದ: "ಬಡಿಗ್ಯಾರ, ಈ ಮೂಲಿ ಚೂಪ ಆತ್ರಿ. ಮತ್ತ ಆರು ಬ್ಯಾಡ್ರಿ, ಐದು ಮಾಡ್ರಿ. ಕೈ ಒಂದೀಟು ಬಗ್ಗಿಸ್ರಿ. ಬೀಡಿಗೆ ಮೈ ಮುರಿಯಾಕ ಜಾಗಾ ಬೇಕಾಗತೈತಿ." ಆಗ ಸುತ್ತಲೂ ನಾಲ್ಕೈದು ಮಂದಿ ಇದ್ದರು. ಮೋನಪ್ಪ ನಕ್ಕುಬಿಟ್ಟಿದ್ದ. ನಕ್ಕದ್ದಷ್ಟೇ ಅಲ್ಲ, ಎಲ್ಲರಿಗೂ ಕೇಳುವಂತೆ ಅಂದಿದ್ದ: "ಕಾಕಾ, ನಮ್ಮ ಮನಿತನ ಮೂರ ತಲಿಮಾರು ಗಾಲಿ ಮಾಡೇತಿ. ನೀವು ಉಸುಕ ನೋಡ್ಕೋರಿ, ಗಾಲಿ ನಾ ನೋಡ್ತೇನಿ." ಮಂದಿಯೂ ನಕ್ಕಿದ್ದರು. ಇಬ್ರಾಹಿಂಸಾಬನೂ ನಕ್ಕ ಹಾಗೆ ಮಾಡಿ ಎದ್ದು ಹೋಗಿದ್ದ.

ಐದು. ಬಗ್ಗಿಸು. ಮೂಲೆ ಚೂಪು. ತಾನು ಬೇವಿನ ಗಿಡದ ಕೆಳಗೆ ಕಂಡುಹಿಡಿದ ಮೂರೂ. ಒಂದೂ ಬಿಟ್ಟಿರಲಿಲ್ಲ ಮುದುಕ. ಮೋನಪ್ಪ ಅದನ್ನು ಮರೆತಿದ್ದ, ಖರೆ ಹೇಳಬೇಕೆಂದರೆ ಪೂರ್ತಿಯಾಗಿ ಮರೆತಿದ್ದ, ಕದ್ದದ್ದೂ ಅಲ್ಲ. ಆದರೆ ಮರೆತದ್ದು ಎಲ್ಲಿ ಹೋಗಿತ್ತು? ಕರಿಮಣ್ಣಿನಲ್ಲಿ ಕಡ್ಡಿ ಹಿಡಿದು ಬರೆದಾಗ ಬೆರಳಿಗೆ ಹೇಳಿಕೊಟ್ಟವರು ಯಾರು? ನಾಚಿಕೆಯಿಂದ ಅವನ ಮುಖ ಕಾದು ಹೋಯಿತು, ಮುದುಕಿ "ಜ್ವರ ಬಂದೈತೇನೋ ತಮ್ಮಾ?" ಎಂದು ಕೇಳುವಷ್ಟು. ವಿಚಿತ್ರವೆಂದರೆ ಉಮೇದು ಮಾತ್ರ ಕಡಿಮೆಯಾಗಲಿಲ್ಲ. ಅದೇ ಅವನನ್ನು ಗಾಬರಿಗೊಳಿಸಿತು. ಇಷ್ಟು ಹೇಸಿಗೆಯ ಸಂಗತಿ ಗೊತ್ತಾದ ಮೇಲೂ ಎದೆ ಹಾಗೆಯೇ ಹೊಡೆದುಕೊಳ್ಳುತ್ತಿತ್ತು: ಹಾಗಾದರೆ ಇಬ್ಬರಿಗೂ ಒಂದೇ ಕಂಡಿದೆ, ಉಸುಕಿನ ಕಡೆಯಿಂದ ಅವನಿಗೆ, ಕಟ್ಟಿಗೆಯ ಕಡೆಯಿಂದ ನನಗೆ, ಹಾಗಾದರೆ ಅದು ಖರೆಯೇ ಇರಬೇಕು, ಗಾಲಿ ಬಂದೇ ಬರುತ್ತದೆ! ಈ ಸಂತೋಷವನ್ನು ಯಾರಿಗಾದರೂ ಹೇಳಬೇಕೆನಿಸಿತು. ಹೇಳಬಹುದಾದ ಮನುಷ್ಯ ಒಬ್ಬನೇ ಇದ್ದ, ಅವನು ಹಿತ್ತಲಿನಲ್ಲಿ ಮೋಡಕಾ ಒಡೆಯುತ್ತಿದ್ದ. ಬಾಗಲಕೋಟೆ ಬರುವವರೆಗೆ ಮೋನಪ್ಪ ಮನಸ್ಸಿನಲ್ಲಿ ಅವನ ಜೊತೆ ಮಾತಾಡಿದ. ಮೊದಲು ಗಾಲಿ ಬರಲಿ, ಆಮೇಲೆ ಸಾವಕಾರರ ಕೋಣೆಯಲ್ಲಿ ಮೆಲ್ಲಗೆ ಹೇಳಿದರಾಯಿತು ಎಂದು ತೀರ್ಮಾನಿಸಿದ. ಗಾಲಿ ಬಂದ ಮೇಲೆ ಹೇಳಿದರೆ ದೊಡ್ಡ ಮನಸ್ಸಿನವನೂ ಅನ್ನಿಸಿಕೊಳ್ಳಬಹುದು. ಈ ಕೊನೆಯ ಮಾತು ತಾನೇ ಅಂದುಕೊಂಡದ್ದೆಂದು ತಿಳಿದು ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಕಾರ್ಖಾನೆಯ ಬಾಗಿಲಲ್ಲಿ ಜೀಪು ನಿಂತಿತ್ತು. ಇಳಕಲ್ಲಿನಿಂದ ಕಲ್ಲಿನ ಕಾರ್ಖಾನೆಯ ನೀಲಪ್ಪನವರು ತಾವೇ ಗಾಲಿ ನೋಡಲು ಬಂದುಬಿಟ್ಟಿದ್ದರು. ಸಾವಕಾರರ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಂದಿಯೆಲ್ಲ ನೆರೆದಿತ್ತು. "ಬಾರಪ್ಪಾ ಬಡಿಗ್ಯಾರ, ನಿನ್ನ ಕೂಸು ಇನ್ನೂ ಮಲಗೇತಿ, ಎಬ್ಬಿಸು" ಎಂದರು ಸಾವಕಾರರು. ನಜೀರಸಾಬ ಪೆಟ್ಟಿಗೆಯ ಕೊಂಡಿ ಬಿಚ್ಚಿದ, ನಾಲ್ಕು ಜನ ಮೇಲಿನ ಚೌಕಟ್ಟನ್ನು ಎತ್ತಿದರು. ಉಸುಕು ಉದುರಬೇಕಿತ್ತು. ಉದುರಲಿಲ್ಲ. ನಜೀರ ಹಾರೆಯಿಂದ ಕುಟ್ಟಿದ. ಗಚ್ಚಿನ ನೆಲದಂತೆ ಹೆಂಟೆಹೆಂಟೆಯಾಗಿ ಎದ್ದಿತು. ಮೋನಪ್ಪ ಒಂದು ಹೆಂಟೆ ಹಿಡಿದು ಹಿಚುಕಿದ, ಅದು ಬೆರಳಿಗೆ ಬಗ್ಗಲಿಲ್ಲ. ಹೆಂಟೆ ಹಿಡಿದುಕೊಂಡೇ ನಜೀರಸಾಬನ ಕಡೆ ತಿರುಗಿದ.

"ನಜೀರ, ಹಗುರ ಬಡಿ ಅಂತ ಹತ್ತ ಸಲ ಹೇಳಿದ್ನೆಲ್ಲೋ! ಯಾರು ಬಡದಾರ ಇದನ್ನ ಇಷ್ಟ ಗಟ್ಟಿ?"

ನಜೀರಸಾಬ ತಲೆ ತಗ್ಗಿಸಿ ಹಿತ್ತಲ ಬಾಗಿಲ ಕಡೆ ನೋಡಿದ. ಅಲ್ಲಿ ಚೌಕಟ್ಟಿಗೆ ಆತುಕೊಂಡು, ಘಣವನ್ನು ಕಾಲ ಬಳಿ ಇಟ್ಟುಕೊಂಡು ಇಬ್ರಾಹಿಂಸಾಬ ನಿಂತಿದ್ದ. ಮೂರು ತಿಂಗಳಲ್ಲಿ ಅವನು ಇನ್ನಷ್ಟು ಒಣಗಿದ್ದ.

"ನಾ ಹೇಳೀನಿ" ಎಂದ ಅವನು. "ಅವತ್ತ ನಾ ಎಷ್ಟ ಬಡದಿದ್ನೋ, ಕರೆಕ್ಟ್ ಅಷ್ಟ ಬಡಿ ಅಂತ ಹೇಳೀನಿ. ಬಾಜೂಕ ನಿಂತ ಬಡಿಸೀನಿ."

"ಯಾಕ ಸಾಬ? ತಲಿ ಕೆಟ್ಟೈತೇನ ನಿನಗ?" ಎಂದು ಸಾವಕಾರರು ಕುರ್ಚಿಯಿಂದ ಅರ್ಧ ಎದ್ದರು.

"ಇಲ್ರಿ ಧಣಿ. ತಪ್ಪು ಉಸುಕಿಂದ ಇದ್ರ ಈ ಗಾಲೀನೂ ಸೀಳಿರಬೇಕು. ಸೀಳಿದ್ರ ನಾ ಮೋಡಕಾ ಒಡಕೋಂತ ಸಾಯ್ತೇನಿ. ಏನೂ ಅನ್ನೂದಿಲ್ಲ." ಅವನು ಮೋನಪ್ಪನ ಕಡೆ ನೋಡಲಿಲ್ಲ. "ನಕ್ಷಾ ಈ ಸಲ ಚಲೋ ಐತ್ರಿ. ನಾ ನೋಡೀನಿ."

ಮೋನಪ್ಪನಿಗೆ ಅರ್ಥವಾಯಿತು. ಈ ಮುದುಕ ತನ್ನ ನಲವತ್ತು ವರ್ಷದ ಕೈಯನ್ನು ತಂದು, ತನ್ನನ್ನು ಕೆಡಿಸಿದವನ ಗೀಟಿನ ಮೇಲೆ ಪಣವಾಗಿ ಇಟ್ಟುಬಿಟ್ಟಿದ್ದ. ನನ್ನ ಮೇಲಲ್ಲ, ಗೀಟಿನ ಮೇಲೆ. ನಜೀರ ಮತ್ತಿಬ್ಬರು ಉಸುಕಿನ ಕೊನೆಯ ಹೆಂಟೆಗಳನ್ನು ಕಿತ್ತು ಗಾಲಿಯನ್ನು ಹೊರಗೆಳೆದರು. ಬೂದಿಬಣ್ಣದ ಐದು ಬಾಗಿದ ಕೈಗಳು ಬೆಳಕಿಗೆ ಬಂದವು. ಇನ್ನೂ ಬೆಚ್ಚಗಿದ್ದ ಅದರಿಂದ ಸುಟ್ಟ ಮಣ್ಣಿನ ವಾಸನೆ ಏಳುತ್ತಿತ್ತು. ಅಯ್ಯೋ, ಎಷ್ಟು ಚೆಲುವಾಗಿದೆ ಎನ್ನಿಸಿತು ಮೋನಪ್ಪನಿಗೆ. ಆದರೆ ಸೀಳು ಕಣ್ಣಿಗೆ ಕಾಣದೆಯೂ ಇರಬಹುದು, ಸಪ್ಪಳವೇ ಹೇಳಬೇಕು. ನಜೀರಸಾಬ ಸುತ್ತಿಗೆ ಎತ್ತಿಕೊಂಡು, ಹೊಡೆಯದೆ, ಇಬ್ರಾಹಿಂಸಾಬನ ಮುಂದೆ ಹಿಡಿದ. ಅವನು ತೆಗೆದುಕೊಂಡ. ಇನ್ನು ಒಂದು ಉಸಿರು. ಹೊಡೆದ ಮೇಲೆ ಹೇಳುವ ಮಾತಿಗೆ ಬೆಲೆಯಿಲ್ಲವೆಂದು ಮೋನಪ್ಪನಿಗೆ ಗೊತ್ತಿತ್ತು. ಠಣ್ ಎಂದರೆ ಅದು ಉದಾರತನವಾಗುತ್ತದೆ, ಡಬ್ ಎಂದರೆ ಅದನ್ನು ತಾನು ಹೇಳುವುದೇ ಇಲ್ಲ.

"ಕಾಕಾ, ತಡೀರಿ" ಎಂದ. ದನಿ ಹುಡುಗನ ದನಿಯಂತೆ ಮೇಲಕ್ಕೇರಿತು. "ಹೊಡಿಯೂದಕ್ಕ ಮೊದಲ ನಾ ಒಂದ ಮಾತು ಹೇಳಬೇಕ್ರಿ."

"ಏನದು, ಲಗೂ ಹೇಳು" ಎಂದರು ಸಾವಕಾರರು.

"ಆ ಏಳು ಗಾಲಿ ಉಸುಕಿನಿಂದ ಸೀಳಲಿಲ್ರಿ. ನನ್ನ ನಕ್ಷೆದಿಂದ ಸೀಳಿದ್ವು. ಆರು ಕೈ, ನೆಟ್ಟಗ, ಚೂಪ ಮೂಲಿ. ಇಬ್ರಾಹಿಂ ಕಾಕಾ ಮೊದಲ ಹೇಳಿದ್ರು, ಐದು ಮಾಡು, ಬಗ್ಗಿಸು ಅಂತ. ನಾ ಇದ ಮಂದಿ ಮುಂದ ಅವರನ್ನ ನಕ್ಕೆ. ಆಮ್ಯಾಲ ಇದ ಮಂದಿ ಮುಂದ ಅವರ ಮ್ಯಾಲ ಹಾಕಿದೆ." ಉಸಿರು ಸಾಲದೆ ನಿಂತ. "ಈ ಗಾಲಿ ಬಂದ್ರ ಕಾಕಾನ ಮಾತಿನಿಂದ ಬಂತು. ಬರದಿದ್ರ ತಪ್ಪು ನಂದು, ಉಸುಕಿಂದಲ್ಲ."

ಸಾವಕಾರರು ನೀಲಪ್ಪನವರ ಮುಖ ನೋಡಿ, ಹೊರಗಿನವರ ಮುಂದೆ ಮನೆಯ ಮಾತು ಬಂತಲ್ಲ ಎಂಬಂತೆ, "ಇದನ್ನೆಲ್ಲಾ ಈಗ್ಯಾಕಪಾ ತಗದಿ? ಗಾಲಿ ನೋಡೂಣ ಮೊದಲ" ಎಂದರು. ಅಷ್ಟೇ. ಮೂರು ತಿಂಗಳು ಹೊತ್ತು ತಿರುಗಿದ ಮಾತು ಕೇಳಿದವರಿಗೆ ಇಷ್ಟು ಹಗುರವಾಗಿ ಹೋಯಿತು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಇಬ್ರಾಹಿಂಸಾಬ ಅವನನ್ನು ಮೊದಲ ಸಲ ನೆಟ್ಟಗೆ ನೋಡಿ, ಸುತ್ತಿಗೆ ಬೀಸಿದ.

ಠಣ್ ಎಂದಿತು. ಎಂದು ಸುಮ್ಮನಾಗಲಿಲ್ಲ, ಸಪ್ಪಳ ಶೆಡ್ಡಿನ ತಗಡಿಗೆ ಏರಿ, ಅಲ್ಲಿಂದ ಇಳಿದು, ಎಲ್ಲರ ಕಾಲಡಿ ಸುತ್ತಾಡಿತು. ಇಬ್ರಾಹಿಂಸಾಬ ಎರಡನೆಯ ಕೈಗೆ ಹೊಡೆದ. ಠಣ್. ಮೂರನೆಯದಕ್ಕೆ. ನಾಲ್ಕನೆಯದಕ್ಕೆ ಹೊಡೆಯುವಾಗ ತಲೆ ಒಂದು ಕಡೆ ವಾಲಿಸಿ ಕಣ್ಣು ಮುಚ್ಚಿದ, ಥೇಟ್ ಅಪ್ಪ ಕಾಳಪ್ಪನ ಹಾಗೆ. ಐದನೆಯ ಠಣ್ ಮುಗಿಯುವುದರೊಳಗೆ ಮಂದಿ ಕೂಗಿಬಿಟ್ಟರು. ನೀಲಪ್ಪನವರು ಎದ್ದು ಬಂದು ಗಾಲಿಯ ಬಾಗಿದ ಕೈ ಸವರಿ, "ಚಂದ ಐತಿ ನೋಡ್ರಿ" ಎಂದರು. ಸಾವಕಾರರು, "ಉಳದ ಹನ್ನೊಂದು ಲಗೂ ಆಗಬೇಕು. ಸಾಬ, ನಾಳಿಂದ ಉಸುಕಿಗೆ ಬಾ" ಎಂದು, ಅದೇ ಉಸಿರಿನಲ್ಲಿ ಚಹಕ್ಕೆ ಹೇಳಿದರು. ಮೋನಪ್ಪನಿಗೆ ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಗಾಲಿ ಬಂತು, ಬಂತು, ಬಂತು ಎಂದು ಒಳಗೆ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಮುದುಕನ ಕೈ ಹಿಡಿಯಬೇಕೆಂದು ಮುಂದೆ ಹೋದ.

"ನಾಳಿಂದ ಬರ್ತೇನ್ರಿ ಧಣಿ" ಎಂದ ಇಬ್ರಾಹಿಂಸಾಬ. "ಇವತ್ತ ಒಂದ ಕೆಲಸ ಬಾಕಿ ಐತಿ. ಬರ್ರಿ ಬಡಿಗ್ಯಾರ."

ಹಿತ್ತಲಿನಲ್ಲಿ ಮೋಡಕಾ ರಾಶಿಯ ಹಿಂದೆ ಅವನು ಹರಕು ಚೀಲಗಳನ್ನು ಎಳೆದು ಬಿಸಾಕಿದ. ಕೆಳಗೆ ಹಳೆಯ ಗಾಲಿ ಒಂದು ಇತ್ತು, ತುಕ್ಕು ಹಿಡಿದಿತ್ತು. ಆರು ನೆಟ್ಟನೆಯ ಕೈ, ಗುಂಬದ ಮೇಲೆ ಬಾಚಿಯ ಗುರುತು. "ಆರು ಒಡದ ಹಾಕೀನಿ, ನಾ ಮಾಡಿದ್ದನ್ನ ನಾನ" ಎಂದ. "ಇದೊಂದು ನಿಮಗಂತ ಇಟ್ಟಿದ್ದೆ. ನೀವು ಖರೆ ಹೇಳಿದ ದಿನ ಕೊಡೂಣ, ಹೇಳಲಿಲ್ಲಂದ್ರ ನನ್ನ ಹಿಂದ ಇದೂ ಹೋಗಲಿ ಅಂತಿದ್ದೆ." ಘಣವನ್ನು ಮುಂದೆ ಚಾಚಿದ. ಮಂದಿ ಬಾಗಿಲಲ್ಲಿ ಬಂದು ನಿಂತಿದ್ದರು. ಅಷ್ಟು ಭಾರದ ಸುತ್ತಿಗೆಯನ್ನು ಮೋನಪ್ಪ ಹಿಂದೆಂದೂ ಎತ್ತಿರಲಿಲ್ಲ. ಎರಡೂ ಕೈಯಿಂದ ಎತ್ತಿ ಗುಂಬದ ಮೇಲೆ ಹಾಕಿದ. ಘಣ ಪುಟಿದು ಬಂದು ಮೊಣಕೈವರೆಗೆ ಜುಮ್ಮೆಂದಿತು. ಮತ್ತೆ ಹೊಡೆದ. ಏನೂ ಆಗಲಿಲ್ಲ. ಮಂದಿ ನಕ್ಕರು, ಈ ಸಲ ಅವನ ಕಿವಿ ಬಿಸಿಯಾಗಲಿಲ್ಲ, ಅವನೂ ನಕ್ಕ.

"ಅಲ್ಲಿ ಬಡದ್ರ ಏನಾಗತೈತ್ರಿ, ಅಲ್ಲಿ ಗಟ್ಟಿ ಐತಿ" ಎಂದು ಇಬ್ರಾಹಿಂಸಾಬ ಬಗ್ಗಿ, ಕೈ ಅಂಚಿಗೆ ಕೂಡುವ ಮೂಲೆಯ ಮೇಲೆ ಕಪ್ಪು ಹೆಬ್ಬೆರಳು ಇಟ್ಟು ತೋರಿಸಿದ. "ಇಲ್ಲಿ ಬಡೀರಿ. ನೀವು ಸ್ಕೇಲ್ ಇಟ್ಟ ಗೀಟ ನಿಲ್ಲಿಸೀರಲ್ಲ, ಇಲ್ಲಿ."

ಹೆಬ್ಬೆರಳು ಸರಿಯಿತು. ಮೋನಪ್ಪ ಅಲ್ಲಿಗೆ ಹೊಡೆದ. ಒಂದೇ ಪೆಟ್ಟಿಗೆ ಮುರಿಯಿತು. ಎರಡನೆಯ ಮೂಲೆಗೆ ಹೊಡೆದ, ಅದೂ ಮುರಿಯಿತು. ಆಮೇಲೆ ಅವನು ನಿಲ್ಲಲಿಲ್ಲ; ಅಂಗಿ ಬೆನ್ನಿಗೆ ಅಂಟಿತು, ಬುತ್ತಿಯ ಗಂಟು ಎಲ್ಲೋ ಬಿತ್ತು, ಮೂರು, ನಾಲ್ಕು, ಐದು ಎಂದು ಜೋರಾಗಿ ಎಣಿಸುತ್ತಾ, ಏದುತ್ತಾ, ನಗುತ್ತಾ ಆರನೆಯದನ್ನೂ ಮುರಿದ. ಅಂಚು ಕಳಚಿ, ಕೈಗಳ ಸಮೇತ ನಡುವಿನ ಗುಂಬವೊಂದು ಉಳಿಯಿತು, ಮೇಲೆ ಅಪ್ಪನ ಬಾಚಿ. ಅದನ್ನು ನೋಡುತ್ತಾ ಘಣ ಕೆಳಗಿಟ್ಟ.

"ಭಟ್ಟಿಗೆ ಹಾಕೂಣ್ರಿ. ನಾಳಿನ ಗಾಲಿಗೆ ಆಗತೈತಿ" ಎಂದು ಇಬ್ರಾಹಿಂಸಾಬ ಗುಂಬದ ಒಂದು ಬದಿಗೆ ಕೈ ಹಾಕಿದ. "ಆ ಕಡೆ ಹಿಡೀರಿ, ಭಾರ ಐತಿ."

ಮೋನಪ್ಪ ಹಿಡಿದ.